ಐದರಲ್ಲಿ ಒಂದು

ಹೋದ ತಿಂಗಳು ಹೂಡಿಯ ಕಾರ್ಖಾನೆಯೊಂದಕ್ಕೆ ಕೆಲಸದ ಮೇಲೆ ಹೋಗಿದ್ದೆ. ಮೆಟ್ರೋ ಇಳಿದು ಮೆಟ್ಟಿಲ ಬುಡಕ್ಕೆ ಬಂದರೆ, ಹೊಸದಾಗಿ ಎದ್ದ ಅಂಗಡಿಯೊಂದಕ್ಕೆ ಬಡಗಿಯೊಬ್ಬ ಬಾಗಿಲು ಕೂಡಿಸುತ್ತಿದ್ದ. ಬಟ್ಟೆಯ ಉಂಡೆಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಅದ್ದಿ ಹಲಗೆಗೆ ಉಜ್ಜುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಜನರಿಗೆ ವಾಸನೆಯಿಂದ ಹಬ್ಬದೂಟ, ಮದುವೆಮನೆ ಎಲ್ಲ ನೆನಪಾಗುತ್ತದೆ ಅನ್ನುತ್ತಾರೆ. ನನಗೆ ನೆನಪಾದದ್ದು ಒಂದು ಏರ್ ರೈಫಲ್ ಮತ್ತು ಅದರ ಜೊತೆ ಏಗಿದ ಒಂದು ಮಳೆಗಾಲ. ಈಗಲೂ ಅದನ್ನು ನೆನೆದರೆ ಹಲ್ಲು ಹಲ್ಲು ಕಡಿಯುವಂತಾಗುತ್ತದೆ. ಯಾರ ಮೇಲೂ ಅಲ್ಲ, ನನ್ನ ಮೇಲೆಯೇ.

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಟೂಲ್ ರೂಮ್ ಇದೆ. ಒಂದು ಮಿಲ್ಲಿಂಗ್ ಯಂತ್ರ, ಒಂದು ಲೇತು, ಒಂದು ಗ್ರೈಂಡರ್, ಮೂಲೆಯ ಗಾಜಿನ ಗೂಡಿನಲ್ಲಿ ಅಳತೆಯ ಸಲಕರಣೆಗಳು. ದೊಡ್ಡ ಕಂಪನಿಗಳಿಗೆ ಬೇಕಾದ ಅಚ್ಚು, ಫಿಕ್ಸ್ಚರ್ ಮಾಡಿಕೊಡುವುದು ಕಸುಬು. ತಲೆಗೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವಿರುತ್ತದೋ ಅಷ್ಟು ವ್ಯತ್ಯಾಸ ಬಂದರೂ ನಾನು ಮಾಲನ್ನು ಗೇಟು ದಾಟಲು ಬಿಡುವುದಿಲ್ಲ. ನನ್ನ ಅಳತೆ ತಪ್ಪುವುದಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನು ನಾನೇ ಎಲ್ಲರಿಗಿಂತ ಹೆಚ್ಚು ನಂಬಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ನೀಲಾಂಬಿಕಾ ಮೇಡಂ ನನ್ನ ಶೆಡ್ಡಿಗೆ ಬಂದರು. ಅರವತ್ತು ದಾಟಿದವರು, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿಯ ಗೆರೆ. ಜೊತೆಗೆ ಅವರ ಯಜಮಾನರು, ನಿವೃತ್ತ ಇಂಜಿನಿಯರ್ ಮಲ್ಲಪ್ಪನವರು, ಉದ್ದನೆಯ ಒಂದು ಪೆಟ್ಟಿಗೆಯನ್ನು ಹೊತ್ತುಕೊಂಡು ಹಿಂದೆ ನಿಂತಿದ್ದರು. ಮೇಡಂ ರಾಣೇಬೆನ್ನೂರಿನ ಕಡೆಯವರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ ಹೂಡಿಯ ಅಪಾರ್ಟ್‌ಮೆಂಟಿನಲ್ಲಿದ್ದರು. ಅದೇ ಅಪಾರ್ಟ್‌ಮೆಂಟಿನಲ್ಲಿದ್ದ ನನ್ನ ಗಿರಾಕಿಯೊಬ್ಬರು ನನ್ನ ವಿಳಾಸ ಕೊಟ್ಟಿದ್ದರು.

ಪೆಟ್ಟಿಗೆ ತೆರೆದರೆ ಬಂದೂಕು. ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದೆ. "ಮೇಡಂ, ಇದೆಲ್ಲ ನಾವು ಮುಟ್ಟಲ್ಲ."

"ಹೆದರಬ್ಯಾಡ್ರಿ," ಅಂದರು. "ಇದು ಗಾಳಿ ಬಂದೂಕು. ಕಾಗದಪತ್ರ ಎಲ್ಲಾ ಅದಾವ. ಇದರ ನಳಿಗಿ, ಗಾಳಿ ಸಿಲಿಂಡರು ನೀವು ಮುಟ್ಟೂದ ಬ್ಯಾಡ. ಉಳಿದದ್ದನ್ನ ನನ್ನ ಮೈಗೆ ಹೊಂದೂವಂಗ ಮಾಡಿಕೊಡ್ರಿ. ಮರದ ಮೈ, ಟ್ರಿಗರಿನ ನಾಲಿಗಿ, ಗುರಿ ನೋಡೂ ಸ್ಕೋಪ್ ಕೂಡಿಸೂ ಜಾಗ, ಎಲ್ಲಾ."

ಆಮೇಲೆ ಆಟವನ್ನು ವಿವರಿಸಿದರು. ನಿಂತು, ಎತ್ತಿ ಹಿಡಿದು ಹೊಡೆಯುವುದಲ್ಲ. ಮೇಜಿನ ಮೇಲೆ ಬಂದೂಕು ಮಲಗಿರುತ್ತದೆ. ಮುಂದೆ ಒಂದು ಆಸರೆ, ಹಿಂದೆ ಮರಳಿನ ಚೀಲ. ಇಪ್ಪತ್ತೈದು ಮೀಟರ್ ಆಚೆ ಒಂದು ಕಾರ್ಡು. ಅದರಲ್ಲಿ ಇಪ್ಪತ್ತೈದು ಗುರಿ. ಒಂದೊಂದಕ್ಕೆ ಒಂದೇ ಗುಂಡು.

"ಅಷ್ಟೇನಾ ಮೇಡಂ? ಕೂತ್ಕೊಂಡು ಒತ್ತೋದಾ?" ಎಂದುಬಿಟ್ಟೆ.

ಅವರು ನಕ್ಕರು. "ನಡುವಿನ ಚುಕ್ಕಿ ಸಾಸಿವಿ ಕಾಳಿನಷ್ಟ ಐತ್ರಿ. ಇಪ್ಪತ್ತೈದು ಸಲ ಅದನ್ನ ಮುಟ್ಟಬೇಕು. ಕುಂತು ಒತ್ತಿ ನೋಡ್ರಿ."

ಬಲಗೈಗೆ ಬಿಗಿಯಾದ ತೋಳುಚೀಲವೊಂದನ್ನು ಹಾಕಿಕೊಂಡಿದ್ದರು. ನಾನು ನೋಡಿದ್ದನ್ನು ಗಮನಿಸಿ ಅವರೇ ಹೇಳಿದರು, ಪಾಠ ಹೇಳುವ ದನಿಯಲ್ಲೇ. ಏಳು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿತ್ತು. ಕಂಕುಳಿನ ಗಂಟುಗಳನ್ನು ತೆಗೆದಿದ್ದಾರೆ. ಅದಕ್ಕೇ ಕೈ ಬಾಯುತ್ತದೆ, ಭಾರ ಎತ್ತುವಂತಿಲ್ಲ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯಲ್ಲಿ ಗುರಿ ಹೊಡೆದು ಪದಕ ತಂದವರಂತೆ. ಆಪರೇಷನ್ ಆದ ಮೇಲೆ ಹೀಗೊಂದು ಆಟ ಇದೆ ಎಂದು ತಿಳಿದಾಗ ಮತ್ತೆ ಶುರುಮಾಡಿದ್ದರು. ಆದರೆ ಅಂಗಡಿಯ ಬಂದೂಕಿನ ಮರದ ಮೈ ಗಂಡಸರ ಭುಜಕ್ಕೆ ಮಾಡಿದ್ದು. ಅವರಿಗೆ ಅದು ತಗುಲಿದರೂ ನೋವು.

"ಡಿಸೆಂಬರದಾಗ ನಮ್ಮ ಕ್ಲಬ್ಬಿನ ಆಯ್ಕೆ ಪಂದ್ಯ ಐತಿ. ಅಷ್ಟರೊಳಗ ಆಗಬೇಕು," ಎಂದರು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದಕ್ಕೆ ಮೇಡಂ ಎಷ್ಟು ಕಾರಣವೋ ನನ್ನ ಜಂಬವೂ ಅಷ್ಟೇ ಕಾರಣ. ಸಾಸಿವೆಕಾಳಿಗೆ ಇಪ್ಪತ್ತೈದು ಸಲ ತಾಗುವ ಬಂದೂಕು ಮಾಡಿಕೊಡಲು ಪೀಣ್ಯದಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ.

ಮರದ ಕೆಲಸಕ್ಕೆ ಪಕ್ಕದ ಬೀದಿಯ ಕಾಳಾಚಾರ್ ಬಂದರು. ಎಪ್ಪತ್ತರ ಹತ್ತಿರದವರು. ಎರಕದ ಕಾರ್ಖಾನೆಗಳಿಗೆ ಮರದ ಮಾದರಿ ಕೆತ್ತುವುದು ಅವರ ಕಸುಬು. ಈಗ ಮಾದರಿಗಳನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಅವರ ಶೆಡ್ಡಿನಲ್ಲಿ ಉಳಿ, ಬಾಚಿಗಳು ಸುಮ್ಮನೆ ತೂಗಾಡುತ್ತಿದ್ದವು. ಮೇಡಂ ಅವರನ್ನು ಕಾಳಾಚಾರ್ ಕುರ್ಚಿಯಲ್ಲಿ ಕೂರಿಸಿ, ಕೆನ್ನೆಯಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ದಾರ ಹಿಡಿದು ಅಳೆದರು. "ಭುಜಕ್ಕೆ ಮುಟ್ಟಂಗೇ ಇಲ್ಲ ಕಣವ್ವ, ಅಂಗೆ ಮಾಡ್ತೀನಿ," ಎಂದರು. ಹಳೆಯ ತೇಗದ ದಿಂಡೊಂದರಿಂದ ಒಂದು ತಿಂಗಳಲ್ಲಿ ಆ ಮೈಯನ್ನು ಕಡೆದರು. ಅಗಸೆ ಎಣ್ಣೆಯನ್ನು ಹನ್ನೆರಡು ಸಲ ಬಳಿದು, ಹನ್ನೆರಡು ಸಲ ಒಣಗಿಸಿ ಉಜ್ಜಿದರು. ಮೇಡಂ ಅದನ್ನು ಮೂಸಿ ನೋಡಿ, "ನಮ್ಮ ಮನಿ ಅಗಸಿ ಚಟ್ನಿ ನೆನಪಾತು ನೋಡ್ರಿ," ಎಂದು ಮುಂದಿನ ವಾರ ಒಂದು ಡಬ್ಬಿ ಚಟ್ನಿಪುಡಿ ತಂದುಕೊಟ್ಟರು.

ನಮ್ಮ ಶೆಡ್ಡಿಗೂ ಹಿಂದಿನ ಶೆಡ್ಡಿಗೂ ನಡುವೆ ಒಂದು ಉದ್ದನೆಯ ಓಣಿ ಇದೆ. ಮೇಲೆ ಶೀಟು, ಎರಡೂ ತುದಿಗೆ ಬಾಗಿಲು. ಅಳೆದರೆ ಇಪ್ಪತ್ತೆಂಟು ಮೀಟರ್. ಒಂದು ತುದಿಗೆ ಮರಳು ತುಂಬಿದ ದೊಡ್ಡ ಪೆಟ್ಟಿಗೆ ಇಟ್ಟು, ಭಾನುವಾರ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡುವುದೆಂದಾಯಿತು. ಜುಲೈ ಮೊದಲ ಭಾನುವಾರ ಮಲ್ಲಪ್ಪನವರು ಸೈಕಲ್ ಪಂಪಿನಂಥ ಕೈಪಂಪಿನಿಂದ ಸಿಲಿಂಡರಿಗೆ ಗಾಳಿ ತುಂಬಿದರು; ಅರ್ಧ ಗಂಟೆಯಲ್ಲಿ ಬನಿಯನ್ನು ತೊಯ್ದು ಹೋಯಿತು. ಮೇಡಂ ಕೂತರು. ಕೆನ್ನೆ ಇಟ್ಟು ನೋಡಿ, "ಸ್ಕೋಪ್ ಒಂಚೂರು ಎತ್ತರಾತು," ಎಂದರು. ಕಾಳಾಚಾರ್ ಬಂದೂಕನ್ನು ಬಿಚ್ಚಿ ಮರವನ್ನು ಶೆಡ್ಡಿಗೆ ಒಯ್ದು, ಲೋಹದ ಭಾಗ ಕೂರುವ ತಳವನ್ನು ಇಷ್ಟೇ ಇಷ್ಟು ಇಳಿಸಿ, ಎರಡು ದಿನದ ಮೇಲೆ ಹುಡುಗನೊಬ್ಬನ ಕೈಲಿ ಕಳಿಸಿಕೊಟ್ಟರು. ಮರವನ್ನೂ ಲೋಹವನ್ನೂ ಸೇರಿಸುವ ಎರಡು ಬೋಲ್ಟುಗಳನ್ನು ನಾನು ಹಾಕಿ ಬಿಗಿ ಮಾಡಿದೆ.

ಮುಂದಿನ ಭಾನುವಾರ ಮೊದಲ ನಾಲ್ಕು ಗುಂಡುಗಳು ಒಂದೇ ತೂತಿನಲ್ಲಿ ಹೋದವು. ಕಾಳಾಚಾರ್ ಚಪ್ಪಾಳೆ ತಟ್ಟಿದರು. ಐದನೆಯದು ಚುಕ್ಕಿ ಬಿಟ್ಟು, ಹೆಬ್ಬೆರಳ ಉಗುರಿನಷ್ಟು ಆಚೆ ಬಿತ್ತು.

"ಇರಲಿ ಬಿಡ್ರಿ, ಇನ್ನೂ ಹೊಸಾದೈತಿ," ಎಂದರು ಮೇಡಂ. ಮತ್ತೆ ಮೂರು ಸರಿ ಹೋದವು. ಆಮೇಲೆ ಒಂದು ಬಲಕ್ಕೆ. ಆಮೇಲೆ ಆರು ಸರಿ. ಮತ್ತೊಂದು ಮೇಲಕ್ಕೆ. ಸರಾಸರಿ ತೆಗೆದರೆ ಐದರಲ್ಲಿ ಒಂದು. ಯಾವುದು ಹೋಗುತ್ತದೆ, ಯಾವ ಕಡೆ ಹೋಗುತ್ತದೆ ಎಂದು ಹೇಳುವಂತಿರಲಿಲ್ಲ.

ಕೆಟ್ಟ ಬಂದೂಕು ಎಲ್ಲ ಗುಂಡನ್ನೂ ಕೆಡಿಸಿದರೆ ಸಿಟ್ಟು ಬರುವುದಿಲ್ಲ. ನಾಲ್ಕು ಸರಿ ಹೊಡೆದು ಐದನೆಯದಕ್ಕೆ ಕೈಕೊಡುವ ಬಂದೂಕು ಮನುಷ್ಯನನ್ನು ಹುಚ್ಚು ಹಿಡಿಸುತ್ತದೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳು ಆ ಐದನೆಯ ಗುಂಡಿನ ಹಿಂದೆ ಓಡಿದೆವು. ಮೊದಲು ಗುಂಡುಗಳ ಮೇಲೆ ಅನುಮಾನ ಬಂತು. ಸೀಸದ ಪೆಲೆಟ್ಟುಗಳನ್ನು ಒಂದೊಂದಾಗಿ ತೂಗಿ ಬೇರೆ ಬೇರೆ ಡಬ್ಬಿಗೆ ಹಾಕಿದೆ. ಐದರಲ್ಲಿ ಒಂದು ಹೋಯಿತು. ಸ್ಕೋಪ್ ಬದಲಿಸಿದೆವು. ಒಂದು ವಾರ ಎಲ್ಲ ಸರಿ ಇದ್ದಂತೆ ಕಂಡು, ಎರಡನೆಯ ವಾರ ಮತ್ತೆ ಹೋಯಿತು. ಗಾಳಿಯ ಒತ್ತಡ ಏರಿಳಿಯುತ್ತಿದೆಯೇನೋ ಎಂದು ಬಂದೂಕು ಕೊಟ್ಟ ಅಂಗಡಿಗೇ ಕಳಿಸಿದೆವು. ಅವರು ಹದಿನೆಂಟು ದಿನ ಇಟ್ಟುಕೊಂಡು "ನೋ ಪ್ರಾಬ್ಲಮ್" ಎಂಬ ಚೀಟಿ ಅಂಟಿಸಿ ವಾಪಸ್ ಕಳಿಸಿದರು. ಟ್ರಿಗರಿನ ನಾಲಿಗೆಯನ್ನು ಮೂರು ಸಲ ಹೊಸದಾಗಿ ಮಾಡಿದೆ. ಮುಂದಿನ ಆಸರೆಯನ್ನು ಎರಕದ ಕಬ್ಬಿಣದಲ್ಲಿ ಮಾಡಿದೆ, ಎತ್ತಲು ಇಬ್ಬರು ಬೇಕು. ಐದರಲ್ಲಿ ಒಂದು.

ಆ ವರ್ಷದ ಮಳೆಯೂ ಹಾಗೇ ಇತ್ತು. ಹಗಲೆಲ್ಲ ಬೇಯಿಸಿ, ಸಂಜೆ ಕೆಲಸದವರು ಗೇಟು ದಾಟುವ ಹೊತ್ತಿಗೆ ಸುರಿಯುವುದು. ಪೀಣ್ಯದ ರಸ್ತೆಗಳ ಗುಂಡಿಯಲ್ಲಿ ನಿಂತ ನೀರಿನ ಮೇಲೆ ಆಯಿಲ್ ತೇಲಿ ನವಿಲುಬಣ್ಣ ಹೊಡೆಯುತ್ತಿತ್ತು. ಮಳೆ ಬಿದ್ದ ಕೂಡಲೇ ಕರೆಂಟು ಹೋಗುವುದು, ಕರೆಂಟು ಬಂದಾಗ ಯಂತ್ರದ ಅಳತೆ ಸರಿದಿರುವುದು. ಒರೆಸಿಟ್ಟ ಉಕ್ಕಿನ ಮೇಲೆ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ. ಮೇಡಂ ಮತ್ತು ಮಲ್ಲಪ್ಪನವರು ಹೂಡಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ರಿಂಗ್ ರೋಡಿನಲ್ಲಿ ನೀರು ನಿಂತು ಹತ್ತಕ್ಕೆ ತಲುಪುತ್ತಿದ್ದರು. ಅಷ್ಟು ದೂರ ಬಂದು, ಗಾಳಿ ತುಂಬಿ, ಇಪ್ಪತ್ತೈದು ಗುಂಡು ಹೊಡೆದು, ಐದು ಕೆಟ್ಟದ್ದನ್ನು ಎಣಿಸಿಕೊಂಡು ವಾಪಸ್ ಹೋಗುವುದು. ನಮ್ಮ ಮಾತು ಕಡಿಮೆಯಾಗುತ್ತ ಬಂತು. ನಾನು ಇತರ ಕೆಲಸಗಳಲ್ಲೂ ರೇಗತೊಡಗಿದೆ. ಲೇತಿನ ಮೇಲಿದ್ದ ಹಳೆಯ ಕೆಲಸಗಾರನೊಬ್ಬನಿಗೆ ಏನೋ ಅಂದೆ, ಅವನು ಎರಡು ದಿನ ಬರಲೇ ಇಲ್ಲ.

ಇಷ್ಟರ ನಡುವೆ ಒಂದನ್ನು ಗಮನಿಸಿದ್ದೆ. ಪ್ರತಿ ಸಲ ಗುಂಡು ತಪ್ಪಿದಾಗ ಮೇಡಂ ಕಾರ್ಡನ್ನಾಗಲಿ ಬಂದೂಕನ್ನಾಗಲಿ ನೋಡುತ್ತಿರಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ತೋಳುಚೀಲದೊಳಗೆ ಊದಿದ ಕೈ. ಬೆರಳನ್ನು ಎರಡು ಸಲ ಮಡಿಸಿ ಬಿಡಿಸುತ್ತಿದ್ದರು. ನನ್ನ ತಲೆಯೊಳಗೆ ಆ ವಿಚಾರ ಹುಟ್ಟಿದ್ದು ಅಲ್ಲಿಂದಲೇ. ಅದು ಹುಟ್ಟಿದ ಮೇಲೆ ನನಗೊಂದು ನೆಮ್ಮದಿಯಾಯಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ತಪ್ಪು ಅವರಲ್ಲಿದ್ದರೆ ನನ್ನಲ್ಲಿಲ್ಲ ಎಂದಾಯಿತಲ್ಲ.

ಅಕ್ಟೋಬರಿನಲ್ಲಿ ಆಯುಧಪೂಜೆ ಮುಗಿದ ಮೇಲೆ ಒಂದು ಸಂಜೆ ಒಬ್ಬನೇ ಕೂತೆ. ಮರದ ಮೈಯನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಬರೀ ನಳಿಗೆಯ ಭಾಗವನ್ನು ಇಕ್ಕಳದಂತೆ ಹಿಡಿಯುವ ಭಾರಿ ವೈಸ್‌ನಲ್ಲಿ ಕಚ್ಚಿಸಿ, ಆ ವೈಸನ್ನು ಕಬ್ಬಿಣದ ಮೇಜಿಗೆ ಬಿಗಿದು, ಅದೇ ಓಣಿಯಲ್ಲಿ ಇಪ್ಪತ್ತು ಗುಂಡು ಹೊಡೆದೆ. ಇಪ್ಪತ್ತೂ ಒಂದೇ ತೂತಿನಲ್ಲಿ ಹೋದವು. ಆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಾಗ ಗೆದ್ದವನಂತೆ ಕೂಗಬೇಕೆನಿಸಿತು.

ಆ ಭಾನುವಾರ ಕಾರ್ಡನ್ನು ಮೇಡಂ ಮುಂದಿಟ್ಟೆ. "ಮೇಡಂ, ಬಂದೂಕಿಂದೇನೂ ಇಲ್ಲ. ನೋಡಿ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹಂಗಂದ್ರ?"

"ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ಮೇಡಂ. ಒತ್ತೋವಾಗ ಎಲ್ಲೋ ಒಂಚೂರು ಎಳೀತಿದೆ. ಆಪರೇಷನ್ ಆಗಿರೋದಲ್ವಾ."

ಮಲ್ಲಪ್ಪನವರು ಪಂಪನ್ನು ನೆಲಕ್ಕಿಟ್ಟರು. ಮೇಡಂ ಕಾರ್ಡನ್ನು ತಿರುಗಿಸಿ ನೋಡಿ ಕೇಳಿದರು, "ಮರಕ್ಕ ಕೂಡಿಸಿ ನೀವು ಹೊಡದು ನೋಡೀರೇನ್ರಿ?"

"ನೋಡಿದೀನಿ. ನನಗೂ ಒಂದೊಂದು ಹೋಗುತ್ತೆ. ಆದ್ರೆ ನಾನು ಶೂಟರ್ ಅಲ್ವಲ್ಲ."

ಎಂಥ ವಾದ! ಮೂವತ್ತು ವರ್ಷ ಪ್ರಯೋಗಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದ ಉಪನ್ಯಾಸಕಿ ಅವರು. ಬೇರೆ ಯಾವ ವಿಷಯದಲ್ಲಾದರೂ ನಾನು ಹೀಗಂದಿದ್ದರೆ ಆ ಮಾತನ್ನು ಅಲ್ಲೇ ಹರಿದು ನನ್ನ ಕೈಗೆ ಕೊಡುತ್ತಿದ್ದರು. ಆದರೆ ಅದು ಅವರ ಕೈಯ ಮಾತಾಗಿತ್ತು. ಏಳು ವರ್ಷದಿಂದ ಅವರೇ ಒಳಗೊಳಗೆ ಅನುಮಾನಿಸಿಕೊಂಡು ಬಂದ ಕೈ. ನಾನು ಅಂದದ್ದನ್ನು ಅವರು ಒಪ್ಪಿಕೊಂಡುಬಿಟ್ಟರು. "ಇರಬೋದ್ರಿ," ಎಂದರು ಮೆಲ್ಲಗೆ.

ಮೂಲೆಯಲ್ಲಿ ಬೀಡಿ ಹಿಡಿದು ಕೂತಿದ್ದ ಕಾಳಾಚಾರ್ ಎದ್ದು ಬಂದರು. "ಅಂಗಲ್ಲ ಕಣಪ್ಪ ನಾಗ್ರಾಜ. ಆಯಮ್ಮ ಆ ಸೀಸದ ಗುಂಡು ಎತ್ತಿ ಒಳೀಕೆ ಇಡೋದು ನೋಡಿದ್ಯಾ? ಅಕ್ಕಸಾಲಿಗರ ಕೈ ಇದ್ದಂಗೈತೆ. ಆ ಕೈ ಎಳ್ಯಾಕಿಲ್ಲ."

"ಆಚಾರ್ರೇ, ನಿಮಗೆ ಮರ ಗೊತ್ತು. ಇದು ಅಳತೆ ವಿಷಯ. ಸುಮ್ನಿರಿ," ಎಂದೆ.

ಅವರು ಹೋಗಿ ಮತ್ತೆ ಮೂಲೆಯಲ್ಲಿ ಕೂತರು. ಮೇಡಂ ಬಂದೂಕನ್ನು ಪೆಟ್ಟಿಗೆಯಲ್ಲಿಡಿಸಿಕೊಂಡು ಹೊರಟುಹೋದರು. ಅಂದು ಒಂದೂ ಗುಂಡು ಹೊಡೆಯಲಿಲ್ಲ.

ಡಿಸೆಂಬರ್ ಕೊನೆಗೆ ಮಲ್ಲಪ್ಪನವರು ಒಬ್ಬರೇ ಬಂದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಯಾರರ ಆಡೋರು ಇದ್ರ ನೋಡ್ರಿ, ಕೊಟ್ಟುಬಿಡೂಣು," ಎಂದರು. ಪಂದ್ಯ ಏನಾಯಿತು ಎಂದು ಕೇಳಿದೆ. ಹೋಗಲೇ ಇಲ್ಲವಂತೆ. ಹೆಸರನ್ನೂ ಕೊಡಲಿಲ್ಲವಂತೆ.

ಕೂರಿಸಿ ಟೀ ತರಿಸಿದೆ. ಅವರು ಲೋಟವನ್ನು ಸುಮ್ಮನೆ ತಿರುಗಿಸುತ್ತ ಹೇಳಿದರು. "ಬಂದೂಕಿಂದು ಹೋಗ್ಲಿ ಬಿಡ್ರಿ. ಅಕಿ ಈಗ ಚಹಾದ ಕಪ್ಪೂ ಎರಡೂ ಕೈಲೆ ಹಿಡಿತಾಳ. ಕಾರು ಓಡಸೂದ ಬಿಟ್ಟಾಳ. ರೊಟ್ಟಿ ಬಡಿಯೂದ ಬಿಟ್ಟಾಳ. 'ನನ್ನ ಕೈ ನಡಗತೈತಿ, ರೊಟ್ಟಿ ಹರೀತಾವ' ಅಂತಾಳ. ನಾ ಹತ್ತಿರ ಕುಂತು ನೋಡೀನ್ರಿ. ಕೈ ನಡಗೂದಿಲ್ಲ. ಅಕಿಗಿ ಹೇಳಿದ್ರ ನಂಬೂದಿಲ್ಲ. ನಾಗರಾಜ್ ಅವ್ರು ಅಳದು ನೋಡ್ಯಾರ ಅಂತಾಳ."

ಅವರು ನನ್ನನ್ನು ಬೈಯಲು ಬಂದಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಕ್ರಾಂತಿಗೆ ಮುಂಚೆ, ಯಾರಿಗಾದರೂ ತೋರಿಸುವ ಮೊದಲು ಒರೆಸಿ ಎಣ್ಣೆ ಹಾಕೋಣ ಎಂದು ಬಂದೂಕನ್ನು ಬಿಚ್ಚಿದೆ. ಹಿಂದಿನ ಬೋಲ್ಟು ತೆಗೆದೆ. ಮುಂದಿನ ಬೋಲ್ಟು ತೆಗೆದೆ. ಮುಂದಿನದರ ತುದಿಯಲ್ಲಿ, ಬೆಳಕು ಬಿದ್ದಾಗ, ಒಂದು ಸಣ್ಣ ಉಂಗುರ ಕಂಡಿತು. ಕಪ್ಪು ಬಣ್ಣ ಸವೆದು ಉಕ್ಕು ಹೊಳೆಯುತ್ತಿತ್ತು. ಬೋಲ್ಟಿನ ತುದಿ ಹೊಳೆಯಬೇಕಾದರೆ ಅದು ಏನನ್ನೋ ಮುಟ್ಟುತ್ತಿರಬೇಕು. ಮುಟ್ಟಬಾರದು. ಅದು ಹೋಗಿ ಕೂರುವ ತೂತು ಆರುಪಾರು ಇಲ್ಲ, ತಳವಿದೆ. ಬೋಲ್ಟು ಆ ತಳಕ್ಕೆ ತಾಗಿ ನಿಂತರೆ, ತಿರುಗಿಸುವ ಕೈಗೆ ಬಿಗಿಯಾಯಿತು ಅನಿಸುತ್ತದೆ. ಆದರೆ ಮರವನ್ನೂ ಲೋಹವನ್ನೂ ಅದು ಒಂದಾಗಿ ಹಿಡಿದಿರುವುದಿಲ್ಲ.

ಅನುಮಾನ ಬೇಡವೆಂದು ಬೋಲ್ಟಿನ ತುದಿಗೆ ನಾವು ಗುರುತಿಗೆ ಬಳಸುವ ನೀಲಿ ಬಳಿದು, ಹಾಕಿ, ಬಿಗಿದು, ತೆಗೆದೆ. ತೂತಿನ ತಳದಲ್ಲಿ ನೀಲಿ ಅಂಟಿತ್ತು. ಮತ್ತೆ ಕೂಡಿಸಿ, ಕೂದಲೆಳೆಯಷ್ಟು ಅಲುಗಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನಳಿಗೆಯನ್ನು ಬೆರಳಲ್ಲಿ ಒತ್ತಿದೆ. ಮುಳ್ಳು ಸರಿಯಿತು. ಬೆರಳು ತೆಗೆದರೆ ವಾಪಸ್ ಬಂತು, ಆದರೆ ಮೊದಲಿದ್ದ ಗೆರೆಗಲ್ಲ. ಪ್ರತಿ ಗುಂಡಿಗೂ ನಳಿಗೆ ಒಂದು ಎಳೆಯಷ್ಟು ಅಲುಗುತ್ತಿತ್ತು. ನಾಲ್ಕು ಸಲ ಜಾಗಕ್ಕೆ ಬಂದು ಕೂರುತ್ತಿತ್ತು, ಒಂದು ಸಲ ಕೂರುತ್ತಿರಲಿಲ್ಲ. ವೈಸ್‌ನಲ್ಲಿ ಪರೀಕ್ಷೆ ಮಾಡುವಾಗ ನಾನು ಮರದ ಮೈಯನ್ನು ಬಿಚ್ಚಿಟ್ಟು, ತಪ್ಪಿದ್ದ ಭಾಗವನ್ನೇ ಪಕ್ಕಕ್ಕಿಟ್ಟು, ತಪ್ಪಿಲ್ಲ ಎಂದು ಸಾರಿದ್ದೆ. ಆ ಗೇಜು ಮೂರು ತಿಂಗಳೂ ಕೈಯಳತೆಯಲ್ಲೇ ಗಾಜಿನ ಗೂಡಿನಲ್ಲಿತ್ತು. ಎರಡು ನಿಮಿಷದ ಕೆಲಸ.

ಕಾಳಾಚಾರ್ ಅವರನ್ನು ಕರೆಸಿದೆ. ಅವರು ಬೋಲ್ಟನ್ನು ನೋಡಿ, ಮರದ ತಳವನ್ನು ನೋಡಿ, "ಉದ್ದ ಆಯ್ತದೆ ಅಂತ ಯೋಳಿದ್ನಲ್ಲಪ್ಪ," ಎಂದರು.

"ಯಾವಾಗ?"

"ಮರ ಇಳ್ಸಿ ಕೊಟ್ಟ ದಿವ್ಸ. ಪೋನ್ ಮಾಡಿದ್ನಲ್ಲ. ತಳ ಇಳ್ಸಿವ್ನಿ, ಮರ ತೆಳ್ಳಗಾಗೈತೆ, ಬೋಲ್ಟು ಗಿಡ್ಡ ಮಾಡ್ಕೊ ಅಂದೆ. ಆಯ್ತು ಆಯ್ತು ಅಂದೆ ನೀನು."

ಆ ದಿನ ನಿಧಾನವಾಗಿ ನೆನಪಿಗೆ ಬಂತು. ಕಾಯಿಸಿ ಹದ ಹಾಕಲು ಕೊಟ್ಟಿದ್ದ ಮಾಲು ಬಿರುಕುಬಿಟ್ಟು ಬಂದಿತ್ತು. ಗ್ರೈಂಡರಿನ ಗದ್ದಲದಲ್ಲಿ ಒಂದು ಕಿವಿಗೆ ಫೋನು ಹಿಡಿದು, ಎದುರಿಗಿದ್ದವನ ಜೊತೆ ಜಗಳವಾಡುತ್ತಿದ್ದೆ. ಆಯ್ತು ಆಯ್ತು ಎಂದಿದ್ದೆ.

ಮೊದಲು ಹೊಳೆದದ್ದು ಸುಳ್ಳೇ. ಬೋಲ್ಟನ್ನು ಗಿಡ್ಡ ಮಾಡಿಬಿಡೋಣ. ಏನೋ ಹೊಸ ಸ್ಪ್ರಿಂಗು ಹಾಕಿದ್ದೇನೆ, ಈಗ ನಿಮ್ಮ ಕೈಗೆ ಹೊಂದುತ್ತದೆ ಎಂದು ಹೇಳೋಣ. ಅವರಿಗೂ ಖುಷಿ, ನನಗೂ ಮಾನ. ಅದನ್ನು ಬಾಯಿಬಿಟ್ಟು ಕಾಳಾಚಾರ್‌ಗೆ ಹೇಳಿಯೂ ಹೇಳಿದೆ.

ಅವರು ನನ್ನನ್ನೇ ನೋಡಿದರು. "ಬಂದೂಕು ಸರಿ ಆಯ್ತದೆ ಬುಡು. ಕೈ ಸರಿ ಇಲ್ಲ ಅಂತ ಆಯಮ್ಮನ ತಲೇಗೆ ತುಂಬಿದ್ದೀಯಲ್ಲ, ಅದನ್ನ ಯಾವ ಸ್ಪ್ರಿಂಗ್ ಹಾಕಿ ತೆಗೀತೀಯಾ?"

ಮಾರನೆಯ ದಿನವೇ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೂಡಿಗೆ ಹೋದೆ. ಪೀಣ್ಯದಿಂದ ಹೊರಟು ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ಇಡೀ ನಗರ ದಾಟುವಷ್ಟು ಹೊತ್ತು, ಏನು ಹೇಳಬೇಕೆಂದು ಜೋಡಿಸಿಕೊಂಡೆ. ಮನೆಯೊಳಗೆ ಕಾಲಿಟ್ಟಾಗ ಜೋಡಿಸಿದ್ದೆಲ್ಲ ಹೋಯಿತು. "ಮೇಡಂ, ನಿಮ್ಮ ಕೈ ಅಲ್ಲ. ನನ್ನ ತಪ್ಪು," ಎಂದೆ. ಆಮೇಲೆ ಎಲ್ಲ ಹೇಳಿದೆ. ಫೋನಿನ ವಿಷಯವನ್ನೂ ಬಿಡಲಿಲ್ಲ.

"ಬೋಲ್ಟು ಎಲ್ಲೈತಿ?" ಎಂದರು. ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ತಿರುಗಿದಾಗ ಅವರ ಮುಖ ಕೆಂಪಾಗಿತ್ತು.

"ನೀವು ಅಳತಿ ಮಾಡೋರಲ್ರಿ?"

"ಹೌದು ಮೇಡಂ."

"ನಾ ಈ ಕೈಯನ್ನ ಎಷ್ಟು ಬೈದೀನಿ ಗೊತ್ತೈತೇನ್ರಿ ನಿಮಗ? ಕ್ಯಾನ್ಸರ್ ಬಂದಾಗ ಬೈದಿದ್ದಿಲ್ಲ. ಊದಿದಾಗ ಬೈದಿದ್ದಿಲ್ಲ. ಈ ಮೂರು ತಿಂಗಳ ಕುಂತಲ್ಲಿ ನಿಂತಲ್ಲಿ ಬೈದೀನಿ." ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ನನ್ನ ಮ್ಯಾಲೂ ಸಿಟ್ಟು ಬಂದೈತಿ. ಕೇಳಬೇಕಾದ ಪ್ರಶ್ನೆ ಕೇಳಿದೆ, ಉತ್ತರ ಬರೂಮಟ ನಿಲ್ಲಲಿಲ್ಲ. ನೀವು ಇನ್ನ ಹೋಗ್ರಿ."

ಮಲ್ಲಪ್ಪನವರು ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ನಾನು ಕುಡಿಯದೆ ಹೊರಟೆ. ಬೋಲ್ಟನ್ನು ಮೇಡಂ ವಾಪಸ್ ಕೊಡಲಿಲ್ಲ.

ಮೂರು ವಾರ ಏನೂ ಸುದ್ದಿಯಿಲ್ಲ. ಫೋನು ಮಾಡಲು ಮುಖವಿಲ್ಲ. ಫೆಬ್ರವರಿಯ ಒಂದು ಶನಿವಾರ ಅವರೇ ಮಾಡಿದರು. "ನಾಳೆ ಬರ್ತೀನಿ. ಬೋಲ್ಟು ನನ್ನ ಹತ್ರ ಐತಿ. ನೀವು ಹೊಸದು ಹಾಕಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ."

ಬಂದರು. ಕಾರು ಓಡಿಸಿಕೊಂಡು ಬಂದವರು ಮಲ್ಲಪ್ಪನವರು. ಮೇಡಂ ನಗಲಿಲ್ಲ, ಕುಶಲ ಕೇಳಲಿಲ್ಲ. ಅದೇ ಉದ್ದದ ಬೋಲ್ಟನ್ನೇ ಹಾಕಿ ಬಿಗಿ ಮಾಡಲು ಹೇಳಿದರು. "ಮೊದಲು ಹಂಗ ನೋಡೂಣು," ಎಂದರು. ಕೂತು ಇಪ್ಪತ್ತೈದು ಹೊಡೆದರು. ಐದು ತಪ್ಪಿದವು. ಆಮೇಲೆ, "ಈಗ ಗಿಡ್ಡ ಮಾಡ್ರಿ, ನನ್ನ ಮುಂದ," ಎಂದರು.

ಬೋಲ್ಟನ್ನು ಲೇತಿಗೆ ಕಚ್ಚಿಸಿ ತುದಿಯನ್ನು ತೆಗೆದೆ. ಅವರು ಪಕ್ಕದಲ್ಲೇ ನಿಂತಿದ್ದರು. ಎಷ್ಟೋ ಸಾವಿರ ಸಲ ಮಾಡಿದ ಕೆಲಸ, ಅಂದು ಎರಡೆರಡು ಸಲ ಅಳೆದು ನೋಡಿದೆ. ನೀಲಿ ಬಳಿದು ಹಾಕಿ, ತೆಗೆದು, ತಳದಲ್ಲಿ ಗುರುತಿಲ್ಲದ್ದನ್ನು ತೋರಿಸಿದೆ. ಗೇಜು ಇಟ್ಟು ನಳಿಗೆ ಒತ್ತಿದೆ. ಮುಳ್ಳು ಮಿಸುಕಲಿಲ್ಲ. ಅವರು ತಾವೂ ಒಮ್ಮೆ ಒತ್ತಿ ನೋಡಿದರು.

ಹೊಸ ಕಾರ್ಡು ಹಾಕಿದೆವು. ಅಂದು ಹಿಂದಿನ ಶೆಡ್ಡಿನಲ್ಲೂ ಕೆಲಸವಿರಲಿಲ್ಲ. ಕಾಳಾಚಾರ್ ಮೆಟ್ಟಿಲ ಮೇಲೆ ಕೂತು, ಹಚ್ಚದ ಬೀಡಿಯನ್ನು ಬಾಯಲ್ಲಿಟ್ಟುಕೊಂಡಿದ್ದರು. ಮೇಡಂ ಒಂದೊಂದೇ ಪೆಲೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಒಳಗಿಡುತ್ತಿದ್ದರು. ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ. ಐದು ಸರಿ ಹೋದವು. ಹತ್ತು. ಹದಿನೈದು. ಮಲ್ಲಪ್ಪನವರು ನನ್ನ ತೋಳು ಹಿಡಿದುಕೊಂಡಿದ್ದರು. ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ. ಹದಿನೆಂಟು.

ಹತ್ತೊಂಬತ್ತನೆಯದು ಚುಕ್ಕಿಯ ಎಡಕ್ಕೆ, ಒಂದು ಗೆರೆ ಆಚೆ ಬಿತ್ತು.

ನಾನು ದುರ್ಬೀನು ಇಳಿಸಿದೆ. "ಮೇಡಂ, ಅದು ಪೆಲೆಟ್ಟಿಂದಿರ್ಬೇಕು. ಇಲ್ಲಾಂದ್ರೆ ಆ ಬಾಗಿಲ ಸಂದಿಯಿಂದ ಗಾಳಿ…"

ಅವರು ಸ್ಕೋಪಿನಿಂದ ಕಣ್ಣು ತೆಗೆದು ದುರ್ಬೀನು ಇಸಿದುಕೊಂಡು ನೋಡಿದರು. ಆಮೇಲೆ ತಮ್ಮ ಕೈಯನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಬಂತು.

"ಸುಮ್ನಿರ್ರಿ. ನಾ ಅವಸರ ಮಾಡಿದೆ. ಇದು ನಂದು," ಎಂದು ಮುಂದಿನ ಪೆಲೆಟ್ಟನ್ನು ಎತ್ತಿಕೊಂಡರು.